ತುಮಕೂರಿನ ಚೌಕ ಖಾಲಿ ಬರಬೇಕು

ತುಮಕೂರಲ್ಲಿ ಕೂತು ಅರಬ್ಬಿ ಸಮುದ್ರದ ಉಷ್ಣಾಂಶ ಲೆಕ್ಕ ಹಾಕುವುದರಲ್ಲಿ ಒಂದು ಅನುಕೂಲವಿದೆ: ಮಾಸ್ಕ್ (ನಕ್ಷೆಯಲ್ಲಿ ಬೇಡದ ಜಾಗವನ್ನು ಖಾಲಿ ಮಾಡುವ ಷರತ್ತು) ಸರಿಯಿದೆಯೇ ಎಂದು ನೋಡಲು ನಮ್ಮೂರೇ ಸಾಕು. ನಾನು ಬಳಸುವುದು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ (NOAA) ಕೊಡುವ ಸಮುದ್ರ ಮೇಲ್ಮೈ ಉಷ್ಣಾಂಶದ ದತ್ತಾಂಶ, ಓಐಎಸ್‌ಎಸ್‌ಟಿ. 1981ರ ಸೆಪ್ಟೆಂಬರ್‌ನಿಂದ ದಿನಕ್ಕೊಂದು ನಕ್ಷೆ, ಕಾಲು ಡಿಗ್ರಿಯ ಚೌಕಗಳು, ಪೂರ್ವ-ಪಶ್ಚಿಮಕ್ಕೆ 1440, ಉತ್ತರ-ದಕ್ಷಿಣಕ್ಕೆ 720. ತುಮಕೂರು ಬೀಳುವುದು 13.375 ಉತ್ತರ, 77.125 ಪೂರ್ವ ನಡುವಾಗಿರುವ ಚೌಕದಲ್ಲಿ. ಅದು ನೆಲ, ಅಲ್ಲಿ ಸಮುದ್ರದ ಉಷ್ಣಾಂಶವಿಲ್ಲ; ಆದ್ದರಿಂದ ಯಾವ ಷರತ್ತು ಹಾಕಿದರೂ ಕೊನೆಗೆ ಆ ಚೌಕ ಖಾಲಿ ಬರಬೇಕು. ಸೊನ್ನೆ ಬಂದರೂ ತಪ್ಪೇ.

ಹೆಚ್ಚು ಕಾಟ ಕೊಡುವುದು ಈ ಸೊನ್ನೆಯೇ. ಫೆರೆಟ್ ಎಂಬ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶದಲ್ಲಿ 'ಇಫ್ ಎಸ್‌ಎಸ್‌ಟಿ ಜಿಟಿ 28 ದೆನ್ ಎಸ್‌ಎಸ್‌ಟಿ' ಎಂದಷ್ಟೇ ಬರೆದರೆ (ಎಸ್‌ಎಸ್‌ಟಿ ಎಂದರೆ ಸಮುದ್ರ ಮೇಲ್ಮೈ ಉಷ್ಣಾಂಶ, ಜಿಟಿ ಎಂದರೆ 'ಇದಕ್ಕಿಂತ ಹೆಚ್ಚು') 28 ಡಿಗ್ರಿ ದಾಟಿದ ನೀರು ಉಳಿಯುತ್ತದೆ, ಮಿಕ್ಕಿದ್ದು ಖಾಲಿ. ತೊಂದರೆಯಿಲ್ಲ. ಆದರೆ ಬಿಸಿನೀರಿನ ಪಾಲು ಎಷ್ಟು ಎಂದು ತಿಳಿಯಲು 'ದೆನ್ 1 ಎಲ್ಸ್ 0' ಎಂದು ಬರೆದ ಕೂಡಲೇ ನೆಲವೂ ಸೊನ್ನೆಯಾಗುತ್ತದೆ, ಏಕೆಂದರೆ ಖಾಲಿ ಬೆಲೆಯ ಹೋಲಿಕೆ ಸುಳ್ಳು ಎಂದೇ ಲೆಕ್ಕ. ಪೈಥಾನ್ ಭಾಷೆಯಲ್ಲಿ ಲೆಕ್ಕಕ್ಕೆ ಬಳಸುವ ನಂಪೈಯಲ್ಲೂ ಹಾಗೇ. 100 ಚೌಕಗಳಲ್ಲಿ 30 ನೆಲ, 70 ನೀರು, ಅದರಲ್ಲಿ 35 ಬಿಸಿ ಅಂದುಕೊಳ್ಳಿ. ಸರಿಯುತ್ತರ 0.50, ಬರುವುದು 0.35. ನಕ್ಷೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ, ಅದೇ ಮೋಸ.

ಅದಕ್ಕೆ ಷರತ್ತನ್ನು ಎರಡು ಪದರದಲ್ಲಿ ಹಾಕುತ್ತೇನೆ. ಹೊರಗೆ 'ಇಫ್‌ವಿ ಎಸ್‌ಎಸ್‌ಟಿ ದೆನ್', ಒಳಗೆ ಆವರಣದಲ್ಲಿ 1-0 ಷರತ್ತು. ಇಫ್‌ವಿ ಬೆಲೆ ಇದೆಯೇ ಎಂದಷ್ಟೇ ನೋಡುತ್ತದೆ, ಹಾಗಾಗಿ ನೆಲ ಖಾಲಿಯಾಗಿಯೇ ಉಳಿಯುತ್ತದೆ. ಹೊರಗೂ ಬರಿ 'ಇಫ್' ಸಾಕಲ್ಲ ಅನ್ನಬಹುದು; ಅದು ಸರಿಯಾಗಿ 0 ಡಿಗ್ರಿ ಇರುವ ನೀರನ್ನೂ ಸುಳ್ಳೆಂದು ಎಸೆಯುತ್ತದೆ. ಅರಬ್ಬಿ ಸಮುದ್ರದಲ್ಲಿ ಗೊತ್ತಾಗುವುದಿಲ್ಲ, ಧ್ರುವದ ಕಡೆ ಹೋದಾಗ ಕೈ ಕೊಡುತ್ತದೆ.

ಇನ್ನೊಂದು -999. ಈ ಕಡತದಲ್ಲಿ ಉಷ್ಣಾಂಶ ಪೂರ್ಣಾಂಕವಾಗಿ ಕೂತಿರುತ್ತದೆ, 0.01ರಿಂದ ಗುಣಿಸಬೇಕು, ನೆಲದ ಗುರುತು -999. ಗುರುತನ್ನು ಖಾಲಿ ಮಾಡದೆ ಮೊದಲೇ ಗುಣಿಸಿದ ಪ್ರತಿ ಸಿಕ್ಕರೆ ನೆಲವೆಲ್ಲ -9.99 ಡಿಗ್ರಿ. ಅದನ್ನು '-9.99ಕ್ಕೆ ಸಮ' ಎಂದು ಹುಡುಕಬೇಡಿ, ದಶಾಂಶ ಸಂಖ್ಯೆ ನಿಖರವಾಗಿ ಹೊಂದುವ ಭರವಸೆಯಿಲ್ಲ. -5ಕ್ಕಿಂತ ಕಡಿಮೆಯದನ್ನೆಲ್ಲ ತೆಗೆಯಿರಿ: ಸಮುದ್ರದ ನೀರು ಸುಮಾರು -1.8ಕ್ಕೇ ಹೆಪ್ಪುಗಟ್ಟುತ್ತದೆ.

ಆಳದ ಮಾಸ್ಕಿಗೆ ನೆಲದ ಎತ್ತರ, ಸಮುದ್ರದ ಆಳ ಎರಡೂ ಇರುವ ಇಟೋಪೋ-5 ದತ್ತಾಂಶ ಸಾಕು. ಅದರ ಚೌಕ 5 ನಿಮಿಷದ್ದು (ಡಿಗ್ರಿಯ ಹನ್ನೆರಡನೇ ಒಂದು ಪಾಲು), ನಮ್ಮ ಒಂದು ಚೌಕಕ್ಕೆ ಅದರ ಒಂಬತ್ತು. ಮೊದಲು ಸರಾಸರಿ ತೆಗೆದು ಉಷ್ಣಾಂಶದ ಜಾಲರಿಗೆ ತರಬೇಕು, ಆಮೇಲೆ ಷರತ್ತು. ನೀರಿನ ಆಳ ಅಲ್ಲಿ ಋಣಸಂಖ್ಯೆ, ಆದ್ದರಿಂದ 200 ಮೀಟರಿಗಿಂತ ಆಳದ ನೀರು ಬೇಕೆಂದರೆ 'ಎಲ್‌ಟಿ -200' (-200ಕ್ಕಿಂತ ಕಡಿಮೆ). ಚಿಹ್ನೆ ತಪ್ಪಿ 'ಜಿಟಿ 200' ಎಂದರೆ ಗುಡ್ಡಗಳಷ್ಟೇ ಆಯ್ಕೆಯಾಗಿ, ನೆಲದಲ್ಲಿ ಉಷ್ಣಾಂಶವಿಲ್ಲದ್ದರಿಂದ ಇಡೀ ನಕ್ಷೆ ಖಾಲಿ.

ಸರಾಸರಿ ಮೊದಲೋ ಮಾಸ್ಕ್ ಮೊದಲೋ ಎಂಬುದನ್ನು ಪ್ರಶ್ನೆ ನೋಡಿ ತೀರ್ಮಾನಿಸಬೇಕು. ಒಂದು ಚೌಕ 20 ದಿನ 27, 10 ದಿನ 29 ಡಿಗ್ರಿ ಇತ್ತೆನ್ನಿ. ದಿನದಿನಕ್ಕೆ ಅದೇ 28 ಡಿಗ್ರಿಯ ಮಾಸ್ಕ್ ಹಾಕಿ ಸರಾಸರಿ ತೆಗೆದರೆ 29. ಸರಾಸರಿ ಮೊದಲು ತೆಗೆದರೆ 27.67, ಚೌಕವೇ ಹಾರಿಹೋಗುತ್ತದೆ. ಬಿಸಿ ದಿನಗಳಲ್ಲಿ ನೀರು ಎಷ್ಟು ಬಿಸಿ ಎಂಬುದಕ್ಕೆ ಮೊದಲನೆಯದು, ತಿಂಗಳು ಒಟ್ಟಾರೆ ಬಿಸಿಯಿತ್ತೇ ಎಂಬುದಕ್ಕೆ ಎರಡನೆಯದು. ಯಾವುದನ್ನು ಮಾಡಿದೆ ಎಂದು ಚರಾಂಶದ ಹೆಸರಿನಲ್ಲೇ ಬರೆದಿಡುತ್ತೇನೆ. ಆರು ತಿಂಗಳು ಬಿಟ್ಟು ನೋಡಿದಾಗ ನಕ್ಷೆಯಿಂದ ಅದು ತಿಳಿಯುವುದಿಲ್ಲ.