ಜನರಿಕ್ಸ್ ಇಲ್ಲದ ಹಳೇ ಗೋ ಕೋಡಿಗೆ ಒಂದು ಸಲಹೆ

ಪುಣೆಯ ಗೆಳೆಯರೇ, ಹಿಂಜವಡಿ ಕಡೆ ಹಳೇ ಗೋ (Go ಪ್ರೋಗ್ರಾಮಿಂಗ್ ಭಾಷೆ) ಪ್ರಾಜೆಕ್ಟ್ ಕೈಗೆ ಸಿಕ್ಕವರು ದಯವಿಟ್ಟು ಇದನ್ನು ಓದಿ. ಗೋದಲ್ಲಿ ಜನರಿಕ್ಸ್, ಅಂದರೆ ಒಂದೇ ಫಂಕ್ಷನ್ ಬೇರೆ ಬೇರೆ ಟೈಪ್‌ಗಳಿಗೆ ಬಳಸುವ ಸೌಲಭ್ಯ, ಬಂದಿದ್ದೇ 2022ರಲ್ಲಿ, 1.18 ವರ್ಷನ್ ಜೊತೆ. ಅದಕ್ಕಿಂತ ಹಳೇದರಲ್ಲೇ ಇರಬೇಕಾದರೆ ಇಂಟ್‌ಗೊಂದು, ಸ್ಟ್ರಿಂಗ್‌ಗೊಂದು ಅಂತ ಒಂದೇ ಫಂಕ್ಷನ್ ಕಾಪಿ ಮಾಡುತ್ತಾ ಹೋಗಬೇಡಿ, ಒಂದರಲ್ಲಿ ಬಗ್ ಸರಿಮಾಡಿದರೆ ಇನ್ನೊಂದರಲ್ಲಿ ಹಾಗೇ ಉಳಿಯುತ್ತದೆ ಅಲ್ವಾ. ಒಂದು ಟೆಂಪ್ಲೇಟ್ ಬರೆದು, ಟೈಪ್ ಹೆಸರು ಬರುವ ಜಾಗ ಖಾಲಿ ಬಿಟ್ಟು, ಗೋ ಜನರೇಟ್‌ನಿಂದ (ಕೋಡ್ ತಯಾರಿಸುವ ಪ್ರೋಗ್ರಾಂ ಓಡಿಸುವ ಗೋ ಕಮಾಂಡ್) ಪ್ರತಿ ಟೈಪ್‌ಗೂ ಫೈಲ್ ಮಾಡಿಸಿ. ತಪ್ಪು ಟೈಪ್ ಕೊಟ್ಟರೆ ಕಂಪೈಲರ್ರೇ ಹಿಡಿಯುತ್ತದೆ.

ಜನ ಜಾಸ್ತಿ ಎಡವುವುದು ಇಲ್ಲಿ: ಗೋ ಬಿಲ್ಡ್ ತಾನಾಗಿ ಜನರೇಟ್ ಓಡಿಸುವುದಿಲ್ಲ. ಟೆಂಪ್ಲೇಟ್ ತಿದ್ದಿ ಸುಮ್ನೆ ಬಿಲ್ಡ್ ಮಾಡಿದರೆ ಹಳೇ ಕೋಡೇ ಹೋಗುತ್ತದೆ. ಅದಕ್ಕೇ ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಮೊದಲು ಜನರೇಟ್ ಓಡಿಸಿ, ಆಮೇಲೆ ಗಿಟ್ ಡಿಫ್‌ನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಬಿಲ್ಡ್ ಫೇಲ್ ಆಗುವಂತೆ ಇಡಿ.