ಒದ್ದೆ ಮರಳಿನಲ್ಲಿ ಚಿನ್ನ ಹುಡುಕುವಾಗ

ನಾನು ಗೋವಾದ ವಾಸ್ಕೋದಲ್ಲಿ ಪತ್ತಾರಿಕೆ, ಅಂದರೆ ಚಿನ್ನದ ಕೆಲಸ, ಮಾಡುವವನು, ಊರು ಗದಗ ಕಡೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರ ಮಾತು ಕೇಳುತ್ತ ಬೆಳೆದೆ. ಗೋವಾದ ತೀರದಲ್ಲಿ ನಾನು ಹುಡುಕುವುದು ಜನ ಕಳೆದುಕೊಂಡ ಉಂಗುರ, ಸರ, ಓಲೆ.

ಮೊದಲು ಕೊಂಡದ್ದು ಚಿನ್ನಕ್ಕೆಂದೇ ಮಾಡಿದ 45 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯ ಮೆಟಲ್ ಡಿಟೆಕ್ಟರ್, ನೆಲದೊಳಗಿನ ಲೋಹಕ್ಕೆ ಸದ್ದು ಮಾಡುವ ಯಂತ್ರ. ಫ್ರೀಕ್ವೆನ್ಸಿ ಹೆಚ್ಚಿದ್ದರೆ ಸಣ್ಣ ಚೂರೂ ಸಿಗುತ್ತದೆ ಅನ್ನುವುದು ನಿಜ. ಅಂಗಡಿ ಹಿತ್ತಲಿನ ಒಣ ಮಣ್ಣಲ್ಲಿ ಜೋಳದ ಕಾಳಿನಷ್ಟು ಚಿನ್ನದ ಗುಂಡನ್ನು ಹಿಡಿದು ತೋರಿಸಿತು. ಬೋಗ್ಮಾಲೋದಲ್ಲಿ ಅಲೆ ತೊಯ್ಸಿದ ಮರಳಿನ ಮೇಲೆ ಬೀಸಿದರೆ ಮಾತ್ರ ಒಂದೇ ಸಮ ಕಿರುಚಾಟ. ಉಪ್ಪುನೀರಿನಲ್ಲೇ ಕರೆಂಟು ಹರಿಯುತ್ತದಲ್ಲ, ಹಾಗಾಗಿ ಅದಕ್ಕೆ ಇಡೀ ತೀರವೇ ಲೋಹ. ಸೆನ್ಸಿಟಿವಿಟಿ ಇಳಿಸಿದೆ. ಕಿರುಚಾಟ ನಿಂತಿತು, ಉಂಗುರದ ಸದ್ದೂ ನಿಂತಿತು.

ಆಮೇಲೆ ಗೆಳೆಯರೊಬ್ಬರ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಡಿಟೆಕ್ಟರ್ ತಂದು ಪಕ್ಕದಲ್ಲಿಟ್ಟು ನೋಡಿದೆ. ಇದು ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸಿ ಉಪ್ಪಿನ ಸದ್ದನ್ನು ಬೇರೆ ಮಾಡುತ್ತದೆ. 22 ಕ್ಯಾರೆಟ್‌ನ 4 ಗ್ರಾಂ ಉಂಗುರಕ್ಕೆ ಕೆಂಪು ದಾರ ಕಟ್ಟಿ ಒಂದು ಗೇಣು ಆಳಕ್ಕೆ ಹೂತೆ. ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಒಂದೇ ಸ್ಪಷ್ಟ ಸದ್ದು. ಅಷ್ಟೇ ತೂಕದ ಎಳೆ ಸರ ಹೂತರೆ ನಾಲ್ಕು ಬೆರಳಿನ ಆಳದಲ್ಲೂ ಕೇಳಲಿಲ್ಲ. ಕಾರಣ ಕಸುಬಿನವರಿಗೆ ಗೊತ್ತಾಗುವಂಥದ್ದೇ: ಉಂಗುರ ಬೆಸೆದ ಒಂದು ಪೂರ್ತಿ ಬಳೆ, ಯಂತ್ರ ಹುಟ್ಟಿಸುವ ಕರೆಂಟು ಅದರ ಸುತ್ತ ಓಡುತ್ತದೆ. ಸರದಲ್ಲಿ ಪ್ರತಿ ಕೊಂಡಿಯೂ ಬೇರೆ ಬೇರೆ, ಯಂತ್ರಕ್ಕೆ ಒಂದೊಂದೂ ಸಾಸಿವೆಯಷ್ಟು. ಪದಕ ಇದ್ದರೆ ಅದೇ ದಾರಿ ತೋರಿಸಬೇಕು.

ಬಿಟ್ಟು ಬಿಟ್ಟು ಕರೆಂಟಿನ ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರವನ್ನೂ ಒಂದು ವಾರ ಹಿಡಿದೆ. ಉಪ್ಪು, ಕಬ್ಬಿಣದಂಶದ ಕರಿಮರಳು ಯಾವುದಕ್ಕೂ ಅಷ್ಟಾಗಿ ಜಗ್ಗುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಕಬ್ಬಿಣವನ್ನು ಬೇರ್ಪಡಿಸಿ ಹೇಳುವುದು ಅದಕ್ಕೆ ಕಷ್ಟ; ಬೈನಾ ತೀರದಲ್ಲಿ ಅಗೆದಲ್ಲೆಲ್ಲ ದೋಣಿಯ ಮೊಳೆ. ತಂಪು ಪಾನೀಯದ ಕ್ಯಾನ್ ತೆರೆಯಲು ಎಳೆಯುವ ಅಲ್ಯೂಮಿನಿಯಂ ಕಿವಿ ಮಾತ್ರ ಈಕ್ವಿನಾಕ್ಸ್‌ನ ಪರದೆಯಲ್ಲೂ ಉಂಗುರದ ನಂಬರನ್ನೇ ತೋರಿಸಬಹುದು, ಅದನ್ನು ಅಗೆಯಲೇಬೇಕು.

ಕೊನೆಗೆ ನಾನೂ ಈಕ್ವಿನಾಕ್ಸನ್ನೇ ಕೊಂಡೆ. ಮಳೆಗಾಲದಲ್ಲಿ ಸಮುದ್ರ ಮರಳನ್ನು ಎಳೆದುಕೊಂಡು ಹೋಗಿರುತ್ತದೆ. ಅದು ಮರಳಿ ತುಂಬುವ ಮೊದಲು, ಸೆಪ್ಟೆಂಬರಿನಲ್ಲಿ, ಹುಡುಕುವುದು ಒಳ್ಳೆಯದು. ಹೋದ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಒಂದು ಕುಟುಂಬದ ಅಳಿಯನ ಉಂಗುರ ಮುಕ್ಕಾಲು ಗಂಟೆಯಲ್ಲಿ ಸಿಕ್ಕಿತು. ಅತ್ತೆ ಕೇಳಿದರು, "ಪತ್ತಾರ್ರೀ, ನನ್ನ ಮಗಳ ಸರಾನೂ ಸಿಗ್ತದೇನ್ರೀ?"

ಪದಕವಿಲ್ಲದ ಎಳೆ ಸರ ಅದು. ಅಮಾವಾಸ್ಯೆಯ ಇಳಿತದಲ್ಲಿ ನೀರು ತುಂಬ ಹಿಂದೆ ಸರಿಯುತ್ತದೆ, ಆಗ ಜರಡಿ ತಗೊಂಡು ಬರುತ್ತೇನೆ ಎಂದೆ. ಎರಡು ಅಮಾವಾಸ್ಯೆ ಹೋಗಿ ಬಂದೆ. ಸರ ಇನ್ನೂ ಸಿಕ್ಕಿಲ್ಲ.