ಗಾಳಿಮಳೆಗೆ ಮನೆ ಜಖಂ, ವಿಮೆ ಹಣ ಬಂದಿಲ್ಲ: ಮುಂದೇನು ಮಾಡಬೇಕು?

ಏಪ್ರಿಲ್‌-ಮೇ ತಿಂಗಳ ಗಾಳಿಮಳೆಗೆ ಮನೆಯ ಮಾಡು (ಛಾವಣಿ) ಕಿತ್ತುಹೋಗಿದೆ, ವಿಮೆಯೂ ಇದೆ, ಹಣ ಮಾತ್ರ ಬಂದಿಲ್ಲ. ಇಂಥ ಹೊತ್ತಿನಲ್ಲಿ ಮೊದಲ ಕೆಲಸ, ಯಾಕೆ ಕೊಟ್ಟಿಲ್ಲ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳುವುದು. ಕಾಲ್ ಸೆಂಟರಿನವರು ಫೋನಿನಲ್ಲಿ ಹೇಳಿದ್ದು ಮುಂದೆ ಎಲ್ಲೂ ದಾಖಲೆಯಾಗಿ ನಿಲ್ಲುವುದಿಲ್ಲ. ಕಂಪನಿಗೆ ಇಮೇಲ್ ಮಾಡಿ, ಇಷ್ಟು ಬರೆದರೆ ಸಾಕು:

"ಕ್ಲೇಮ್ ಸಂಖ್ಯೆ ಇಂಥದ್ದು. ಹಣ ತಡೆಹಿಡಿದದ್ದು ಅಥವಾ ಕಡಿತಗೊಳಿಸಿದ್ದು ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ. ಸರ್ವೇಯರ್ ವರದಿಯ ಪ್ರತಿ ಕಳಿಸಿ."

ಸರ್ವೇಯರ್ ಎಂದರೆ ಹಾನಿ ಎಷ್ಟೆಂದು ಅಳೆಯಲು ಕಂಪನಿ ನೇಮಿಸುವವರು. ಅವರ ವರದಿ ಕೈಗೆ ಬರುವ ತನಕ ವಾದಕ್ಕೆ ಇಳಿಯಬೇಡಿ. ಕಂಪನಿ ನಿರ್ಧರಿಸುವುದು ಅದನ್ನು ನೋಡಿಕೊಂಡೇ. ನೀವು ಉತ್ತರ ಕೊಡಬೇಕಾದದ್ದೂ ಅದಕ್ಕೇ.

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರಲ್ಲಿ ಹಾಕಿದ ಗಡುವುಗಳು ನೆನಪಿರಲಿ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ದಾಖಲೆ ಕೊಟ್ಟಿಲ್ಲ ಎಂಬ ಕಾರಣಕ್ಕೇ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದೂ ಅದೇ ವರ್ಷ ಸ್ಪಷ್ಟಪಡಿಸಿದೆ. "ದಾಖಲೆ ಬಾಕಿ, ಫೈಲ್ ಕ್ಲೋಸ್" ಎಂದು ಮೆಸೇಜ್ ಬಂದಿದ್ದರೆ ಈ ಮಾತನ್ನೇ ಎತ್ತಿ ಬರೆಯಿರಿ.

ಇನ್ನು ಪಾಲಿಸಿ ತೆಗೆದು ಹೆಸರು ನೋಡಿ. 2021ರ ಏಪ್ರಿಲ್ 1ರಿಂದ ಬಂದ 'ಭಾರತ್ ಗೃಹ ರಕ್ಷಾ' ಆಗಿದ್ದರೆ ನಿಮ್ಮ ಕೈ ಮೇಲು. ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ; ಮರ ಮುರಿದು ಮನೆ ಮೇಲೆ ಬಿದ್ದರೂ ಪರಿಹಾರ ಇದೆ. ವಿಮಾ ಮೊತ್ತ ಮನೆಯ ಬೆಲೆಗಿಂತ ಕಡಿಮೆ ಇತ್ತು ಎಂದು ಹಣ ಕತ್ತರಿಸುವ ಹಾಗೂ ಇಲ್ಲ. ಬೇರೆ ಪಾಲಿಸಿಗಳಲ್ಲಿ ಈ ಕಡಿತ ನಡೆಯುತ್ತದೆ: 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 2 ಲಕ್ಷದ ನಷ್ಟಕ್ಕೆ 1 ಲಕ್ಷ ಸಿಗುತ್ತದೆ. ಗೃಹಸಾಲದ ಜೊತೆ ಮಾಡಿಸಿದ ಪಾಲಿಸಿಯಾದರೆ ಬ್ಯಾಂಕಿಗೂ ಪತ್ರ ಕೊಡಿ, ಹಣ ಬ್ಯಾಂಕಿನ ಹೆಸರಿಗೆ ಹೋಗಿರಬಹುದು.

ತಿರಸ್ಕಾರದಲ್ಲಿ ಹೆಚ್ಚು ತಲೆನೋವು ಕೊಡುವ ಕಾರಣ "ಇದು ಗಾಳಿಯ ಹಾನಿಯಲ್ಲ, ಹಳೇ ಸೋರಿಕೆ, ಸವೆತ" ಎಂಬುದು. ಸರ್ವೇಯರ್ ಬರುವಷ್ಟರಲ್ಲಿ ಹಂಚು ಹೊದೆಸಿಯೋ ಟಾರ್ಪಾಲು ಕಟ್ಟಿಯೋ ಆಗಿರುತ್ತದೆ. ಅವರಿಗೆ ಕಾಣುವುದು ಒಳಗೋಡೆಯ ತೇವದ ಕಲೆ ಮಾತ್ರ. ಹಾಗಾಗಿ ಗಾಳಿಯಿಂದ ಮಾಡಿಗೆ, ಮಾಡಿನಿಂದ ಗೋಡೆಗೆ ಹಾನಿ ಹೇಗೆ ಇಳಿಯಿತು ಎಂಬ ಕೊಂಡಿಯನ್ನು ನೀವೇ ಜೋಡಿಸಿ ತೋರಿಸಬೇಕು.

ದಿನಾಂಕ ಸಾಬೀತಿಗೆ ಆ ದಿನದ ಮಳೆ, ಗಾಳಿಯ ಅಂಕಿಅಂಶ ಬೇಕು. ಹವಾಮಾನ ಇಲಾಖೆಯಿಂದಲೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದಲೂ ಕೇಳಿ. ಗ್ರಾಮ ಆಡಳಿತಾಧಿಕಾರಿ ಸರ್ಕಾರದ ಪರಿಹಾರಕ್ಕೆಂದು ಮಹಜರು ಮಾಡಿದ್ದರೆ ಅದರ ದೃಢೀಕೃತ ನಕಲು ಪಡೆಯಿರಿ. ಸರ್ಕಾರಿ ನೌಕರರೇ ಸ್ಥಳಕ್ಕೆ ಬಂದು ಬರೆದ ಕಾಗದವಾದ್ದರಿಂದ ಅದಕ್ಕೆ ತೂಕ ಹೆಚ್ಚು. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಷ್ಟಕ್ಕೇ ಬಿಡಬೇಡಿ, ತಾರೀಕಿನ ವಿವರ ಅಳಿಸಿಹೋಗುತ್ತದೆ. ಮೂಲ ಫೈಲು ಫೋನಿನಲ್ಲೇ ಇರಲಿ. ಮುರಿದ ಪಕ್ಕಾಸು (ಮಾಡಿನ ಮರದ ಜಂತಿ), ಒಡೆದ ಹಂಚುಗಳನ್ನು ಕ್ಲೇಮ್ ಮುಗಿಯುವ ತನಕ ಎಸೆಯಬೇಡಿ. ಗಾಳಿಗೆ ಹೊಸದಾಗಿ ಸೀಳಿದ ಮರ ಒಳಗೆ ಬೆಳ್ಳಗಿರುತ್ತದೆ, ಗೆದ್ದಲು ತಿಂದದ್ದು ಪುಡಿಪುಡಿ. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಎಸ್ಟಿಮೇಟಿನಲ್ಲಿ "ಮಾಡು ರಿಪೇರಿ, 1,80,000" ಎಂದು ಒಂದೇ ಸಾಲು ಬರೆದುಕೊಟ್ಟರೆ ಅರ್ಧಕ್ಕೆ ಇಳಿಸುವುದು ಸುಲಭ. ಹಂಚು ಎಷ್ಟು, ಪಕ್ಕಾಸು ಎಷ್ಟು ಅಡಿಯದ್ದು ಎಷ್ಟು, ರೀಪು (ಹಂಚು ಕೂರಿಸುವ ಮರದ ಪಟ್ಟಿ) ಎಷ್ಟು, ಬಡಗಿಯ ಕೂಲಿ ಎಷ್ಟು ದಿನದ್ದು, ಸಾಗಾಟ ಎಷ್ಟು ಎಂದು ಬಿಡಿಬಿಡಿಯಾಗಿ ಇರಲಿ. ಭಾರತ್ ಗೃಹ ರಕ್ಷಾದಲ್ಲಿ ಅವಶೇಷ ತೆರವಿಗೆ ಕ್ಲೇಮಿನ ಶೇ 2ರ ತನಕ, ಎಂಜಿನಿಯರ್ ಶುಲ್ಕಕ್ಕೆ ಶೇ 5ರ ತನಕ ಪ್ರತ್ಯೇಕವಾಗಿ ಸಿಗುತ್ತದೆ. ಇದನ್ನು ಕೇಳುವವರೇ ಕಡಿಮೆ. ಕೇಳಿ.

ಕಡಿಮೆ ಹಣ ಕೊಟ್ಟು "ಪೂರ್ಣ ಮತ್ತು ಅಂತಿಮ" ಎಂಬ ವೋಚರಿಗೆ ಸಹಿ ಕೇಳಿದರೆ, ಹಣ ಪಡೆಯುವ ಮುನ್ನವೇ ಇಮೇಲಿನಲ್ಲಿ ಆಕ್ಷೇಪ ದಾಖಲಿಸಿ. ಒತ್ತಾಯದಿಂದ ಸಹಿ ಮಾಡಿಸಿಕೊಂಡದ್ದು ಸಾಬೀತಾದರೆ ಸಹಿಯೊಂದೇ ಉಳಿದ ಹಣದ ಹಕ್ಕನ್ನು ಕಳೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಾಯ ಸಾಬೀತು ಮಾಡುವ ಹೊರೆ ನಿಮ್ಮದೇ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂಬುದೂ ಅದೇ ನ್ಯಾಯಾಲಯದ 2009ರ ತೀರ್ಪು.

ಉತ್ತರ ಸರಿಬರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ, ಜೊತೆಗೆ ಐಆರ್‌ಡಿಎಐನ 'ಬಿಮಾ ಭರೋಸಾ' ದೂರು ಪೋರ್ಟಲಿನಲ್ಲಿ ಅಥವಾ 155255 ಸಂಖ್ಯೆಯಲ್ಲಿ ನೋಂದಾಯಿಸಿ. ತಿಂಗಳು ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಿಲ್ಲ ಎಂದಾದರೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ಪರಿಹಾರ ಕೊಡಿಸಬಹುದು. ಅಲ್ಲಿನ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿಗೆ ಎರಡು ವರ್ಷದ ಗಡುವು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಟ್ಟಿದ ಪ್ರೀಮಿಯಂ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ಆದರೂ ಮನೆ ರಿಪೇರಿಯಂಥ ಮೊತ್ತಕ್ಕೆ ಮೊದಲು ಓಂಬುಡ್ಸ್‌ಮನ್ ಬಳಿ ಹೋಗುವುದೇ ಮೇಲು. ಆಯೋಗದಲ್ಲಿ ಒಮ್ಮೆ ಕೇಸು ಹಾಕಿದಿರೋ, ಅದೇ ವಿಷಯವನ್ನು ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.